ಸೊನ್ನೆಯ ನೀರು

ಹುಸೇನಬಿ ಮೇಜಿನ ಮೇಲಿಟ್ಟ ನೂಲಿನ ಲಡಿ ನೀಲಿಯಾಗಿರಲಿಲ್ಲ. ಬೂದಿಯ ಬಣ್ಣ ಎನ್ನಲೂ ಆಗುತ್ತಿರಲಿಲ್ಲ. ಹೊಗೆ ಹಿಡಿದ ಗೋಡೆಗೆ ಒಂದು ಕೈ ಸುಣ್ಣ ಬಳಿದು ಅರ್ಧಕ್ಕೇ ಬಿಟ್ಟುಬಿಟ್ಟರೆ ಉಳಿಯುವ ಬಣ್ಣ ಅದು.

“ಹರವಿ ಸತ್ತಾವ್ರಿ ಬಾಯಾರ,” ಎಂದಳು. “ಮೂರಕ್ಕ ಮೂರೂ.”

ಡಾಕ್ಟರ್ ಸರ್ವಮಂಗಳಾ ಕೊಟಬಾಗಿ ಪರದೆಯಿಂದ ಕಣ್ಣು ಕಿತ್ತು ಮುದುಕಿಯನ್ನು ನೋಡಿದಳು. ವಿಶ್ವವಿದ್ಯಾಲಯದ ಜಲಪ್ರಯೋಗಾಲಯದೊಳಕ್ಕೆ ಊರಿನವರು ಚೀಟಿಯಿಲ್ಲದೆ ಬರಕೂಡದೆಂಬ ನಿಯಮವಿತ್ತು. ಈಕೆ ಕಾವಲುಗಾರನಿಗೆ ಏನು ಹೇಳಿ ಒಳಗೆ ಬಂದಳೋ!

“ಸಾಯೂದು ಅಂದ್ರ ಏನ್ರಿ ಚಾಚಿ? ಒಡದಾವೇನು?”

“ಒಡದಿದ್ರ ಕುಂಬಾರನ ಮನಿಗೆ ಹೋಗತಿದ್ದೆ. ಗುಡ್ಡ ಹತ್ತಿ ನಿಮ್ಮ ಕಡೆ ಯಾಕ ಬರತಿದ್ದೆ?”

ಗುಡ್ಡದ ಕೆಳಗಿನ ಅರಳಿಗಟ್ಟಿಯ ನೀಲಗಾರ ಓಣಿಯಲ್ಲಿ ನೀಲಿ ಎಂಬುದು ಅಂಗಡಿಯಿಂದ ತಂದು ಕಲಸುವ ಪುಡಿಯಲ್ಲ, ಸಾಕಿ ಸಲಹಿದ ಜೀವ. ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ ಹಾಕಿ ಹುಳಿ ಬರಿಸಿದ ದೊಡ್ಡ ಮಣ್ಣಿನ ಹರವಿಯೊಳಗೆ ಕಣ್ಣಿಗೆ ಕಾಣದ ಅಣುಜೀವಿಗಳು ಕೋಟಿಗಟ್ಟಲೆ ಇರುತ್ತವೆ. ನೀರಿನಲ್ಲಿ ಕರಗದ ನೀಲಿಯನ್ನು ಕರಗಿಸಿಕೊಡುವವು ಅವೇ. ಅವು ಬದುಕಿದ್ದರೆ ನೂಲಿಗೆ ಬಣ್ಣ ಹತ್ತುತ್ತದೆ, ಸತ್ತರೆ ಹರವಿಯಲ್ಲಿ ಉಳಿಯುವುದು ಬರಿಯ ಕೊಚ್ಚೆ. ಹುಸೇನಬಿಯ ಹರವಿಗಳು ಆಕೆಯ ಅತ್ತೆಯ ಕಾಲದವು. ನಾಲ್ವತ್ತು ವರ್ಷ ಅವು ಒಂದು ದಿನವೂ ಹಸಿದಿರಲಿಲ್ಲ.

“ಯಾವಾಗ ಸತ್ತವು?”

“ನಿಮ್ಮ ಗುಡ್ಡದ ನೀರು ನಮ್ಮ ನಳಕ್ಕ ಬಂದು ಮೂರು ತಿಂಗಳಾತಲ್ಲ. ಮೊದಲನೇ ವಾರ ಒಂದು, ಮುಂದಿನ ವಾರ ಎರಡು. ಆವಾಗ್ಲೇ ಬಂದು ಹೇಳೀನಿ. ನೀವು ಏನೋ ಬರಕೊಂಡ್ರಿ.”

ಬರೆದುಕೊಂಡಿದ್ದುದು ನಿಜ, ಬರೆದು ಮರೆತಿದ್ದಳು. ಆ ತಿಂಗಳ ನಡಾವಳಿಯಲ್ಲಿ ಸರ್ವಮಂಗಳಾ ತನ್ನ ಕೈಯಾರೆ ದಾಖಲಿಸಿದ್ದ ಸಾಲು ಹೀಗಿತ್ತು: ‘ನೀಲಗಾರ ಓಣಿಯಿಂದ ಒಂದು ಅವೈಜ್ಞಾನಿಕ ಆಕ್ಷೇಪ ಬಂದಿದೆ; ತಿಳಿವಳಿಕೆ ನೀಡಲಾಯಿತು.’

“ನಿಮ್ಮ ಹಳೇ ಬಾವೀನ್ಯಾಗಿನ ವಿಷಕ್ಕ ಹೊಂದಿಕೊಂಡಿದ್ದವು ಚಾಚಿ, ಶುದ್ಧ ನೀರು ತಡಕೊಳ್ಳಲಿಲ್ಲ,” ಎಂದಳು. ಹೇಳುವಾಗ ಆ ಮಾತು ಚೆನ್ನಾಗಿಯೇ ಕೇಳಿಸಿತು.

ಹುಸೇನಬಿ ಲಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದಳು, ಮತ್ತೊಮ್ಮೆ ಹೊಸೆದಳು. “ಹರವಿ ಒಂದ ಅಲ್ರಿ. ಈಗೀಗ ನೂಲು ಕೈಗೆ ಹತ್ತವಲ್ಲದು. ದಪ್ಪ ಯಾವುದು, ಸಣ್ಣ ಯಾವುದು, ಬೆರಳಿಗೆ ತಿಳೀವಲ್ಲದು. ನನಗಷ್ಟ ಅಲ್ಲ, ಓಣಿ ತುಂಬ ಹಿಂಗ. ಇದಕ್ಕೂ ಶುದ್ಧ ನೀರ ಕಾರಣ ಅಂತೀರೇನು?” ಎಂದು ಲಡಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಗುಡ್ಡದ ಮೇಲಿನ ವಿಶ್ವವಿದ್ಯಾಲಯಕ್ಕೂ ಕೆಳಗಿನ ಊರಿಗೂ ಮೂರು ವರ್ಷದ ಹಿಂದೆ ಒಂದು ಒಡಂಬಡಿಕೆಯಾಗಿತ್ತು. ಎರಡೂ ಕಡೆಯವರು ಸೇರಿ ಕೂಡು ಸಮಿತಿ ರಚಿಸಿ, ಎಲ್ಲರಿಗೂ ಬೇಕಾದ ನೀರಿನಿಂದಲೇ ಕೆಲಸ ಆರಂಭಿಸಿದ್ದರು. ಊರಿನ ನದಿನೀರು ಬೇಸಿಗೆಯಲ್ಲಿ ಸಾಲದೆ ಬರುತ್ತಿತ್ತಾದ್ದರಿಂದ ಗುಡ್ಡದ ಕೊಳವೆಬಾವಿಗಳ ಹೆಚ್ಚುವರಿ ನೀರನ್ನು ಪುರಸಭೆಯ ಟಾಕಿಗೆ ಬಿಡಲಾಯಿತು. ಪ್ರತಿ ಓಣಿಯ ನೀರನ್ನು ಹಗಲಿರುಳು ರುಚಿ ನೋಡುತ್ತಿರಲೆಂದು ಸರ್ವಮಂಗಳಾ ರೂಪಿಸಿದ ‘ಜಲಜಿಹ್ವೆ’ಯನ್ನು ಹೂಡಲಾಯಿತು. ಊರಿನವರ ಬಾಯಲ್ಲಿ ಅದು ‘ನೀರನಾಲಿಗಿ’ ಆಯಿತು.

ಅದು ಬೆರಳುದ್ದದ ಒಂದು ಕೊಳವೆ. ಅದರೊಳಗಿನ ನಾಲ್ವತ್ತು ತೆಳುಪದರಗಳಲ್ಲಿ ಒಂದೊಂದೂ ನೀರಿಗೆ ಒಂದೊಂದು ಬಗೆಯಲ್ಲಿ ಮಿಡಿಯುತ್ತದೆ. ನೀರಿನಲ್ಲಿ ಏನಿದೆಯೆಂದು ಅದು ಹೆಸರಿಟ್ಟು ಹೇಳಲಾರದು. ಮೊದಲ ದಿನ ಕಲಿಸಿಕೊಟ್ಟ ಒಳ್ಳೆಯ ನೀರಿನಿಂದ ಈ ನೀರು ಎಷ್ಟು ದೂರ ಎಂಬುದನ್ನಷ್ಟೇ ಒಂದು ಅಂಕಿಯಲ್ಲಿ ಹೇಳುತ್ತದೆ. ಆ ಕಲಿಸಿಕೊಟ್ಟ ನೀರೇ ಅದರ ಸೊನ್ನೆ. ಹತ್ತರೊಳಗಿದ್ದರೆ ಓಣಿಯ ಕಂಬದ ಮೇಲೆ ಹಸಿರು ದೀಪ, ನಾಲ್ವತ್ತು ದಾಟಿದರೆ ಕೆಂಪು. ಪ್ರತಿ ಸೋಮವಾರ ಪುರಸಭೆಯ ಮುಂದಿನ ಕಟ್ಟೆಯಲ್ಲಿ ಎಲ್ಲರೆದುರು ಅಂಕಿಗಳನ್ನು ಓದುತ್ತಿದ್ದರು, ಕೆಂಪು ಬಂದ ಓಣಿಯ ಹಿರಿಯ ಎದ್ದು ನಿಂತು ಕೇಳಬೇಕಿತ್ತು.

ಮೂರು ವರ್ಷವೂ ಎದ್ದು ನಿಂತವನು ನೀಲಗಾರ ಓಣಿಯ ದಾವಲಸಾಬನೊಬ್ಬನೇ. ಬಣ್ಣ ಕೆಡುತ್ತದೆಂದು ಟಾಕಿಯ ನೀರನ್ನು ಒಲ್ಲದೆ ತಮ್ಮ ಕಲ್ಲುಬಾವಿಯನ್ನೇ ನಂಬಿದ್ದ ಓಣಿ ಅದೊಂದೇ. ಅವರ ಬಾವಿಯ ಅಂಕಿ ಅರವತ್ತೊಂದು. ಸುಣ್ಣ ಹಾಕಿದರು, ಔಷಧ ಹಾಕಿದರು, ಕೆಸರೆತ್ತಿಸಿದರು. ಅಂಕಿ ಜಗ್ಗಲಿಲ್ಲ. ಬಣ್ಣದವರ ಬಾವಿ ಇನ್ನು ಹೇಗಿದ್ದೀತು ಎಂದು ಊರು ಮೂಗು ಮುರಿಯಿತು. ಶಾಲೆಯಲ್ಲಿ ಆ ಓಣಿಯ ಮಕ್ಕಳು ಚಾಚಿದ ಬಾಟಲಿಯನ್ನು ಯಾರೂ ಮುಟ್ಟದಾದರು. ದಾವಲಸಾಬನ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಬೀಗರು ಮನೆಯೊಳಕ್ಕೂ ಬರದೆ, ಕಂಬದ ದೀಪ ನೋಡಿಯೇ ಹಿಂದಿರುಗಿದ್ದರು. ಕೊನೆಗೆ ಮೂರು ತಿಂಗಳ ಹಿಂದೆ ಬಾವಿಗೆ ಕಬ್ಬಿಣದ ಮುಚ್ಚಳ ಹಾಕಿ, ಪುರಸಭೆಯ ಬೀಗ ಜಡಿದು, ಗುಡ್ಡದ ನೀರನ್ನೇ ನೇರವಾಗಿ ಓಣಿಗೆ ಕೊಟ್ಟರು. ಬಾವಿಯೊಳಗಿನ ಕೊಳವೆಯನ್ನು ಮಾತ್ರ ತೆಗೆಯಲಿಲ್ಲ, ಕಂಬದ ದೀಪ ಕೆಂಪಾಗಿಯೇ ಉಳಿಯಿತು. ಆ ದಿನದ ಫೋಟೋದಲ್ಲಿ ಸರ್ವಮಂಗಳಾ ನಳ ತಿರುವುತ್ತ ನಗುತ್ತಿದ್ದಾಳೆ.

ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಬಂದಾಗ ಅತ್ತೆ ಗುರಸಿದ್ದವ್ವ ಪಡಸಾಲೆಯಲ್ಲಿ ಮೊರ ಹಿಡಿದು ಕೂತಿದ್ದಳು. ಗಂಡ ಬೀದರಿನಲ್ಲಿ ನೌಕರಿಯಲ್ಲಿದ್ದುದರಿಂದ ಆವರಣದ ವಸತಿಯಲ್ಲಿ ಅತ್ತೆ ಸೊಸೆ ಇಬ್ಬರೇ. ತಟ್ಟೆಗೆ ಬಂದ ಅನ್ನದ ಮೊದಲ ತುತ್ತಿನಲ್ಲೇ ಹರಳು ಸಿಕ್ಕಿತು.

“ಸಿಕ್ತೇನು?” ಎಂದಳು ಗುರಸಿದ್ದವ್ವ, ತಲೆಯೆತ್ತದೆ. “ಸಿಗಲಿ. ನಾನೂ ಹೇಳಿ ಹೇಳಿ ಸೋತೆ. ಬೆರಳಿಗೆ ಅಕ್ಕಿ ಯಾವುದು ಹಳ್ಳು ಯಾವುದು ತಿಳಿಯೂದಿಲ್ಲ. ನಿನಗ ಹೇಳಿದ್ರ ವಯಸ್ಸಾತು ಅಂತಿ.”

“ಎಷ್ಟು ದಿನದಿಂದ, ಅತ್ತಿ?”

“ಇಲ್ಲಿಗೆ ಬಂದಾಗಿನಿಂದ. ನಮ್ಮೂರಿಗೆ ಹೋಗಿ ಎರಡು ತಿಂಗಳು ಇದ್ದೆನಲ್ಲ, ಆವಾಗ ಛಲೋ ಆಗಿತ್ತು ನೋಡು. ನಮ್ಮೂರ ಗಾಳಿಗೆ ಅಂದ್ಕೊಂಡೆ.”

ಸರ್ವಮಂಗಳಾ ತುತ್ತು ಕೆಳಗಿಟ್ಟಳು. ಅವಳ ಬೆರಳ ತುದಿಗಳೂ ಎರಡು ವರ್ಷದಿಂದ ಜುಮುಗುಡುತ್ತಿದ್ದವು, ಅದನ್ನು ಅವಳು ಕೀಲಿಮಣೆಯ ತಲೆಗೆ ಕಟ್ಟಿದ್ದಳು. ವಸತಿನಿಲಯದ ಹುಡುಗಿಯರು ಬಂದು ಕೈ ಜೋಮು ಹಿಡಿಯುತ್ತದೆಂದಾಗ ಆವರಣದ ವೈದ್ಯರು ಅದನ್ನು ಪರೀಕ್ಷೆಯ ಬರವಣಿಗೆಯ ತಲೆಗೆ ಕಟ್ಟಿದ್ದರು. ನೀಲಗಾರ ಓಣಿಯಲ್ಲಿ ಪರೀಕ್ಷೆ ಬರೆಯುವವರು ಯಾರಿದ್ದಾರೆ?

ಕೈ ತೊಳೆಯಲು ನಳ ತಿರುವಿದವಳು ಬೀಳುವ ನೀರನ್ನು ನೋಡುತ್ತ ಹಾಗೆಯೇ ನಿಂತುಬಿಟ್ಟಳು. ಮೂರು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು. ಮರುದಿನ ಉದ್ಘಾಟನೆ, ಯಂತ್ರಕ್ಕೆ ಸೊನ್ನೆ ಕಲಿಸಬೇಕಿತ್ತು. ಬಟ್ಟಿ ಇಳಿಸಿದ ನೀರು ಅದಕ್ಕೆ ಒಗ್ಗದು, ಅದರಲ್ಲಿ ಲವಣದ ಸುಳಿವೂ ಇರುವುದಿಲ್ಲವಾದ್ದರಿಂದ ಲೋಕದ ಎಲ್ಲ ನೀರೂ ಅದರಿಂದ ದೂರವೇ. ಬೇಕಾದುದು ಇದೇ ನೆಲದ, ಕುಡಿಯಲು ಯೋಗ್ಯವೆಂದು ಪರೀಕ್ಷೆಯಾದ ನೀರು. ಆ ಪರೀಕ್ಷೆಗೆ ಹೊರಗಿನ ಪ್ರಯೋಗಾಲಯದವರು ಮೂರು ವಾರ ಕೇಳಿದ್ದರು. ಆಗ ಅವಳು ತನ್ನ ಕೋಣೆಯ ನಳ ತಿರುವಿ ಒಂದು ಬಾಟಲಿ ತುಂಬಿಸಿ ಯಂತ್ರಕ್ಕೆ ಕುಡಿಸಿದ್ದಳು. ಅನುಮಾನವನ್ನು ಅದುಮಿಟ್ಟು ಹಾಗೆ ಮಾಡಿದ್ದರೆ ಈಗ ಏನಾದರೂ ಸಮಾಧಾನವಿರುತ್ತಿತ್ತೇನೋ. ಅನುಮಾನವೇ ಬಂದಿರಲಿಲ್ಲ. ಕೆಟ್ಟ ನೀರು ಇರುವುದು ಕೆಳಗೆ, ತಾವಿರುವುದು ಮೇಲೆ; ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಯಾರೂ ಕಲಿಸಬೇಕಾಗಿಯೂ ಇರಲಿಲ್ಲ. ಇಡೀ ಗುಡ್ಡದಲ್ಲಿ ಒಂದೇ ಒಂದು ದೀಪದ ಕಂಬವನ್ನೂ ನೆಟ್ಟಿರಲಿಲ್ಲ.

ಪುರಸಭೆಯಿಂದ ಕೀಲಿ ತರಿಸಿ ಬಾವಿಯ ಮಾದರಿ ತೆಗೆಸಿದಳು. ಲೋಹಪರೀಕ್ಷೆಯ ಯಂತ್ರದಲ್ಲಿ ಅದನ್ನೂ ತನ್ನ ನಳದ ನೀರನ್ನೂ ಹಾಯಿಸಿದಳು. ಎರಡನೆಯ ದಿನ ಫಲಿತಾಂಶ ಬಂತು. ಬಾವಿಯ ನೀರಿನಲ್ಲಿ ದೋಷವಿರಲಿಲ್ಲ. ಗುಡ್ಡದ ನೀರಿನಲ್ಲಿ ನರಗಳನ್ನು ಮೆಲ್ಲಗೆ ಮೇಯುವ ಒಂದು ಭಾರಲೋಹ ಮಿತಿಯ ಹದಿನೆಂಟು ಪಟ್ಟು ಇತ್ತು. ರಸಾಯನಶಾಸ್ತ್ರ ವಿಭಾಗದ ಹಿಂದೆ, ಪ್ರಯೋಗಗಳ ತೊಳೆನೀರನ್ನು ಮೂವತ್ತು ವರ್ಷ ಸುರಿದ ಒಂದು ಗುಂಡಿಯಿತ್ತು. ಅಲ್ಲಿಂದ ಕೊಳವೆಬಾವಿಗೆ ಇನ್ನೂರು ಹೆಜ್ಜೆ.

ಅವಳು ಓಣಿಗಳ ಪಟ್ಟಿಯನ್ನು ಮತ್ತೆ ಓದಿದಳು. ಯಾವ ಓಣಿಗೆ ಗುಡ್ಡದ ನೀರಿನ ಪಾಲು ಹೆಚ್ಚೋ ಅಲ್ಲಿನ ಅಂಕಿ ಸೊನ್ನೆಗೆ ಹತ್ತಿರವಿತ್ತು. ವಿಷ ಎಷ್ಟೋ ದೀಪ ಅಷ್ಟು ಹಸಿರು. ಊರಿಗೆ ಊರೇ ತನ್ನ ಹಸಿರು ದೀಪಕ್ಕೆ ಕೈಮುಗಿದು ಅದನ್ನು ಕುಡಿದಿತ್ತು. ಕುಡಿಯದೆ ಉಳಿದವರನ್ನು ಮೂರು ವರ್ಷ ಎದ್ದು ನಿಲ್ಲಿಸಿ, ಕೊನೆಗೆ ಅವರಿಗೂ ಕುಡಿಸಿದ್ದಾಯಿತು.

ಕುಲಪತಿ ಜಂಬುನಾಥ ಹಲಗತ್ತಿಯವರು ವರದಿಯನ್ನು ಎರಡು ಸಲ ಓದಿ, ಮಡಿಸಿ, ಕನ್ನಡಕದ ಡಬ್ಬಿಯ ಕೆಳಗಿಟ್ಟರು. ಅವರು ಕೆಟ್ಟವರಲ್ಲ. ಅಂಜುವಾಗಲೂ ದನಿ ಎತ್ತದ ಮನುಷ್ಯ.

“ಮಂಗಳಾ, ಮುಂದಿನ ತಿಂಗಳು ರಜೆ. ಹುಡುಗರು ಊರಿಗೆ ಹೋಗ್ತಾರ. ಆವಾಗ ರಿಪೇರಿ ಅಂತ ಬೋರ್ ಬಂದ್ ಮಾಡೋಣ, ನದಿ ನೀರು ತರೋಣ. ಗುಂಡಿ ತೆಗಸೋಣ. ಎಲ್ಲಾನೂ ಮಾಡೋಣ. ಆದ್ರ ಹೆಸರಿಟ್ಟು ಮಾಡೋದು ಬ್ಯಾಡ.”

“ಅಲ್ಲೀ ತನಕ ಕುಡಿಯೋದು, ಸರ್?”

“ಎಂಟು ವರ್ಷದಿಂದ ನಾನೂ ಕುಡದೀನಿ, ನೀವೂ ಕುಡದೀರಿ. ಒಂದು ತಿಂಗಳಿಗೆ ಏನಾಗ್ತದ?”

“ನೀಲಗಾರ ಓಣಿ?”

“ಅವರ ದೀಪಾನ ಹಸಿರು ಮಾಡ್ರಿ. ಅದೊಂದು ಕೊಳವೆಗೆ ತಿದ್ದುಪಡಿ ಹಾಕಿದ್ರ ಸಾಕಲ್ಲ? ಬಾವಿ ತೆಗೀರಿ. ಔಷಧ ಕೆಲಸಾ ಮಾಡ್ತು ಅನ್ನೋಣ. ಅವರೂ ಖುಷಿ.” ಅವರು ಕನ್ನಡಕದ ಡಬ್ಬಿಯನ್ನು ವರದಿಯ ಮೇಲೆ ನೇರವಾಗಿ ಸರಿಸಿಟ್ಟರು. “ಊರಿನವರು ನಮ್ಮನ್ನ ನಂಬಲಿಕ್ಕೆ ನೂರು ವರ್ಷ ಬೇಕಾತು. ಅದನ್ನ ಒಂದು ದಿನದಾಗ ಕಳಕೊಳ್ಳೋ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ.”

ಅವಳು ವಾದಿಸಬಹುದಿತ್ತು. ವಾದಿಸಲಿಲ್ಲ. ಆ ಬಾಟಲಿಯನ್ನು ತುಂಬಿಸಿದ ಕೈ ಯಾರದೆಂದು ಕುಲಪತಿಗಳು ಕೇಳದೆ ಬಿಟ್ಟ ಉಪಕಾರ ಅವಳ ನಾಲಿಗೆಯನ್ನು ಕಟ್ಟಿತು. ಪ್ರಯೋಗಾಲಯಕ್ಕೆ ಹಿಂದಿರುಗಿ ಒಂದು ಕೊಳವೆಗೆ ಒಂದು ತಿದ್ದುಪಡಿ ಹಾಕಿದಳು. ಅರವತ್ತೊಂದು, ಏಳಾಯಿತು. ಅಂದಿನಿಂದ ಮನೆಯಲ್ಲಿ ತನಗೂ ಅತ್ತೆಗೂ ಅಂಗಡಿಯಿಂದ ಮುಚ್ಚಿದ ಡಬ್ಬದ ನೀರು ತರಿಸತೊಡಗಿದಳು. ಎದುರು ಮನೆಯ ಮಕ್ಕಳು ನಳಕ್ಕೆ ಬಾಯಿಟ್ಟು ಕುಡಿಯುವುದು ಕಿಟಕಿಯಿಂದ ಕಾಣುತ್ತಿತ್ತು. ಅವಳು ಕಿಟಕಿಗೆ ಪರದೆ ಹಾಕಿಸಿದಳು.

ಸೋಮವಾರ ಕಟ್ಟೆಯ ಮುಂದೆ ‘ನೀಲಗಾರ ಓಣಿ, ಏಳು’ ಎಂದು ಓದಿದಾಗ ದಾವಲಸಾಬ ರೂಢಿಯಂತೆ ಎದ್ದು ನಿಂತೇಬಿಟ್ಟಿದ್ದ. ಜನ ನಕ್ಕರು. ಪಕ್ಕದವನು ಅಂಗಿ ಹಿಡಿದು ಎಳೆದ. “ಕುಂದರೋ ಮಾರಾಯ, ಪಾಸಾಗೀದಿ!” ಅವನು ಕೂರಲಿಲ್ಲ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಸರ್ವಮಂಗಳಾ ಕಾಗದದ ಮೇಲಿನ ಮುಂದಿನ ಓಣಿಯ ಹೆಸರು ಓದಿದಳು.

ಆ ವಾರದ ಶುಕ್ರವಾರ ಬಾವಿಯ ಬೀಗ ತೆಗೆಯುವ ಸಂಭ್ರಮ. ನೀವೇ ಬರಬೇಕೆಂದು ಓಣಿಯವರು ಎರಡು ಸಲ ಹೇಳಿಕಳಿಸಿದ್ದರು. ಹೋಗದಿದ್ದರೆ ಅನುಮಾನ ಬಂದೀತೆಂದು ಅವಳು ಹೋದಳು. ಮುಂಜಾನೆಯ ಬಿಸಿಲಿನಲ್ಲಿ ಬಾವಿಯ ದಂಡೆಗೆ ಹೊಸ ಸುಣ್ಣ ಹೊಳೆಯುತ್ತಿತ್ತು. ಸಿಹಿಗೆ ಮಾದಲಿ ಮಾಡಿದ್ದರು. ದಾವಲಸಾಬ ಅವಳ ಕೊರಳಿಗೆ ಮಾಲೆ ಹಾಕಲು ನಾಚಿ, ಮಗಳ ಕೈಗೆ ಕೊಟ್ಟು ಹಾಕಿಸಿದ. ಸಂಬಂಧ ಮುರಿದ ಅದೇ ಮಗಳು.

ಹುಸೇನಬಿ ಅಂಗಳದಲ್ಲಿ ಒಂದು ಹೊಸ ಹರವಿಯನ್ನು ಇಳಿಸಿಟ್ಟಿದ್ದಳು. “ಗಜೇಂದ್ರಗಡದಾಗ ನಮ್ಮ ಅಕ್ಕನ ಮನಿಂದ ಹೆಪ್ಪು ತರಿಸೀನ್ರಿ. ಹೊಸಾ ಹರವಿಗೆ ಮೊದಲನೇ ಕೊಡ ಮನಿ ಹಿರೇಮಗಳು ಹೊಯ್ಯಬೇಕು ಅಂತ ನಮ್ಮ ಪದ್ಧತಿ. ನನಗ ಮಗಳಿಲ್ಲ.” ತುಂಬಿದ ಕೊಡವನ್ನು ಅವಳೆದುರು ಇಟ್ಟಳು. “ನಿಮ್ಮ ಮ್ಯಾಲೆ ಸಿಟ್ಟಾಗಿ ಬಾಳ ಅಂದೀನಿ, ಬಾಯಾರ. ಕಲತವರ ಮಾತು ನಮಗ ತಿಳೀಲಿಲ್ಲ. ತಪ್ಪಾತು.”

ಸರ್ವಮಂಗಳಾ ಬಗ್ಗಿ ಕೊಡದ ಕೊರಳನ್ನು ಹಿಡಿದಳು. ಹಿಡಿದಳೋ ಇಲ್ಲವೋ ಅವಳ ಬೆರಳಿಗೆ ತಿಳಿಯಲಿಲ್ಲ. ಆ ‘ತಪ್ಪಾತು’ ಎಂಬ ಮಾತನ್ನು ಮಾತ್ರ ಎಲ್ಲಿ ಇಡಬೇಕೆಂದು ತೋಚದೆ ಬಗ್ಗಿದವಳು ಬಗ್ಗಿಯೇ ಉಳಿದಳು.

“ಬಾವಿ ಎಂದೂ ಕೆಟ್ಟಿರಲಿಲ್ಲ,” ಎಂದಳು ನೆಲಕ್ಕೆ.

“ಏನಂದ್ರಿ?”

“ನಿಮ್ಮ ಬಾವಿ ಎಂದೂ ಕೆಟ್ಟಿರಲಿಲ್ಲ ಚಾಚಿ. ಕೆಟ್ಟಿದ್ದು ನಮ್ಮ ನೀರು. ಅದನ್ನ ಯಂತ್ರಕ್ಕ ಒಳ್ಳೇ ನೀರು ಅಂತ ಕಲಿಸಿದಾಕಿ ನಾನು. ಹಿಂಗಾಗಿ ನಿಮ್ಮದು ದೂರ ಕಾಣತಿತ್ತು. ನಿಮ್ಮ ಹರವಿ ಕೊಂದಿದ್ದು ಅದ ನೀರು. ನಿಮ್ಮ ಬೆರಳು ಜೋಮು ಹಿಡದಿದ್ದೂ ಅದರಿಂದ.”

ದಾವಲಸಾಬ ನಗಲು ಹೊರಟು, ಅರ್ಧಕ್ಕೆ ನಿಲ್ಲಿಸಿದ. “ಹಂಗಾದ್ರ ಮೂರು ವರ್ಷ ಕಟ್ಟಿ ಮುಂದ ನಾ ನಿಂತಿದ್ದು?”

“ನಾವು ನಿಲ್ಲಬೇಕಿತ್ತು.”

“ನೀವು ಕುಂತು ಓದತಿದ್ರಿ,” ಎಂದ ಅವನು, ಹಾಗೆಯೇ ನೆನಪು ಮಾಡಿಕೊಟ್ಟವನಂತೆ. ಅವನ ಮಗಳು ಮುಂದೆ ಬಂದು ಸರ್ವಮಂಗಳೆಯ ಕೊರಳಿನ ಮಾಲೆಯನ್ನು ತೆಗೆದುಕೊಂಡು ಬಾವಿಯ ದಂಡೆಯ ಮೇಲಿಟ್ಟಳು. ಕಿತ್ತುಕೊಳ್ಳಲಿಲ್ಲ, ಕಿವಿಯೋಲೆಗೆ ಸಿಕ್ಕದಂತೆ ಬಿಡಿಸಿಯೇ ತೆಗೆದಳು.

ಹಿಂದಿನಿಂದ ಯಾರೋ ಬಯ್ಯತೊಡಗಿದರು. ಹುಸೇನಬಿ ಕೈಯೆತ್ತಿ ತಡೆದಳು.

“ಗುಡ್ಡದಾಗ ಎಷ್ಟು ಹುಡುಗ್ರು ಅದಾರ?”

“ಎರಡು ಸಾವಿರದ ಮ್ಯಾಲೆ.”

“ಇವತ್ತ ಮುಂಜಾನೆ ಯಾ ನೀರು ಕುಡದಾರ ಅವ್ರು?”

ಸರ್ವಮಂಗಳಾ ತಿರುಗಿ ಗುಡ್ಡದತ್ತ ನೋಡಿದಳು.

“ನಿಮಗ ಇದು ತಿಳದು ಎಷ್ಟು ದಿನ ಆತು?”

“ಹನ್ನೊಂದು.”

ಅಲ್ಲಿಯವರೆಗೆ ಮುದುಕಿಯ ಮುಖದಲ್ಲಿದ್ದುದು ಸಿಟ್ಟು. ಈಗ ಅದು ಹೋಯಿತು. ಅದರ ಜಾಗದಲ್ಲಿ ಬಂದುದನ್ನು ನೋಡಲಾರದೆ ಸರ್ವಮಂಗಳಾ ಕಣ್ಣು ತಗ್ಗಿಸಿದಳು. ಹುಸೇನಬಿ ಅವಳೆದುರಿನ ಕೊಡವನ್ನು ಎತ್ತಿ ಪಕ್ಕಕ್ಕಿಟ್ಟು ಓಣಿಯವರತ್ತ ತಿರುಗಿದಳು.

“ದಾವಲ್, ನೀ ಪುರಸಭೆಗೆ ಹೋಗು. ಟಾಕಿ ಬಂದ್ ಮಾಡಿಸು. ಒಪ್ಪದಿದ್ರ ಅದರ ಮುಂದ ಕುಂದರು. ಉಳದವ್ರು ಡ್ರಮ್ಮು, ಕೊಡ, ಏನ ಇದ್ರೂ ತರ್ರಿ. ಮೊದಲು ಊರಾಗಿನ ಸಣ್ಣ ಹುಡುಗ್ರಿಗೆ, ಆಮ್ಯಾಲೆ ಗುಡ್ಡದ ಹುಡುಗ್ರಿಗೆ. ದೊಡ್ಡವ್ರದ್ದು ನಾಳೆ ನೋಡೋಣ.”

“ಗುಡ್ಡದವ್ರಿಗೆ ನಮ್ಮ ಬಾವಿ ನೀರೇನು?” ಎಂದನೊಬ್ಬ. “ನಿನ್ನೆ ತನಕ ಮುಟ್ಟತಿದ್ದಿಲ್ಲ.”

“ಹುಡುಗ್ರು ಏನ ಮಾಡ್ಯಾವೋ? ಕೊಡ ತಗೋ.”

ಸರ್ವಮಂಗಳಾ ಮುಂದೆ ಬಂದು ಹಗ್ಗಕ್ಕೆ ಕೈ ಚಾಚಿದಳು. ಹುಸೇನಬಿ ಹಗ್ಗವನ್ನು ಸರಕ್ಕನೆ ಹಿಂದೆಳೆದಳು.

“ಈಗ ಕೊಡ ಹಿಡದಾಗ ನೋಡೀನಿ, ನಿಮ್ಮ ಬೆರಳಿಗೆ ಅಷ್ಟೂ ಹಿಡಿತ ಇಲ್ಲ, ಕೊಡ ಬಾವಿಪಾಲು ಆಗ್ತದ. ನಿಮ್ಮ ಕೆಲಸ ಮ್ಯಾಲೆ ಐತಿ. ಹೋಗ್ರಿ, ಒಂದೊಂದು ಖೋಲಿಗೂ ಹೋಗಿ ಹೇಳ್ರಿ. ಕಾಗದ ಅಂಟಿಸಬ್ಯಾಡ್ರಿ, ಮೈಕಿನ್ಯಾಗ ಒದರಬ್ಯಾಡ್ರಿ. ಮುಖ ನೋಡಿ ಹೇಳ್ರಿ.”

ಅವಳು ಗುಡ್ಡ ಹತ್ತಿದಳು. ಬಿಸಿಲೇರಿತ್ತು. ನಡುದಾರಿಯಲ್ಲಿ ಕುಲಪತಿಗಳ ಕರೆ ಬಂತು, ನಿಂತಿತು, ಮತ್ತೆ ಬಂತು. ತೆಗೆಯಲಿಲ್ಲ. ಹುಡುಗಿಯರ ವಸತಿನಿಲಯದ ಮೊದಲ ಮಹಡಿಯಲ್ಲಿ ಮೊದಲ ಬಾಗಿಲು ಬಡಿದಾಗ ತಲೆ ಬಾಚುತ್ತಿದ್ದ ಹುಡುಗಿಯೊಬ್ಬಳು ತೆರೆದಳು.

“ನೀರಿನಲ್ಲಿ ಸ್ವಲ್ಪ ತೊಂದರೆ ಕಂಡುಬಂದಿದೆ,” ಎಂದಳು ಸರ್ವಮಂಗಳಾ, ಮೇಜಿನ ಮೇಲಿನ ಗಡಿಗೆಯನ್ನು ನೋಡುತ್ತ. “ಕುಡಿಯಬೇಡಿ. ಬೇರೆ ನೀರು ಬರುತ್ತಿದೆ.” ಹುಡುಗಿ ಆಗಲಿ ಮೇಡಂ ಎಂದು ಬಾಗಿಲು ಹಾಕಿಕೊಂಡಳು.

ಎರಡನೆಯ ಬಾಗಿಲಿನಲ್ಲೂ ಅದೇ ಮಾತು. ನಾಲ್ಕನೆಯದರಲ್ಲಿ, “ನೀರು ಕೆಟ್ಟಿದೆ, ನಿಮ್ಮ ಕೈ ಜೋಮು ಹಿಡಿಯುವುದು ಅದರಿಂದಲೇ.” ಐದನೆಯ ಕೋಣೆಯ ಹುಡುಗಿ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಏಳನೆಯದರಲ್ಲಿ, “ನೀರು ಒಳ್ಳೆಯದೆಂದು ಹೇಳಿದವಳು ನಾನು, ಪರೀಕ್ಷೆ ಮಾಡಿರಲಿಲ್ಲ.” ಆ ಮಾತು ಹೇಳಿ ಮೊಗಸಾಲೆಯ ಕಂಬಿ ಹಿಡಿದು ಕೆಳಗೆ ನೋಡಿದಳು. ಕೆಳಗಿನ ರಸ್ತೆಯಲ್ಲಿ ಡ್ರಮ್ಮು ಹೇರಿದ ಮೊದಲ ಕೈಗಾಡಿ ಏರು ಹತ್ತುತ್ತಿತ್ತು. ಮುಂದೊಬ್ಬರು ಎಳೆಯುತ್ತಿದ್ದರು, ಹಿಂದೆ ಇಬ್ಬರು ನೂಕುತ್ತಿದ್ದರು.

ಒಂಬತ್ತನೆಯ ಬಾಗಿಲು ತೆರೆದವಳ ಕೈಯಲ್ಲಿ ನೀರಿನ ಲೋಟವಿತ್ತು. ಅರ್ಧ ಕುಡಿದಾಗಿತ್ತು.

“ಕೆಳಗಿಡವ್ವ ಅದನ್ನ,” ಎಂದಳು ಸರ್ವಮಂಗಳಾ. ಹುಡುಗಿ ಏನೆಂದು ಕೇಳುವ ಮೊದಲೇ ಅವಳ ಮುಖವನ್ನು ನೇರವಾಗಿ ನೋಡಿ, “ಇದರಾಗ ವಿಷ ಐತಿ. ನನಗ ಹನ್ನೊಂದು ದಿನದಿಂದ ಗೊತ್ತಿತ್ತು,” ಎಂದಳು. ಹುಡುಗಿ ನೋಡುತ್ತಲೇ ನಿಂತಳು. ಸರ್ವಮಂಗಳಾ ಆ ನೋಟ ಮುಗಿಯುವವರೆಗೆ ಕಾದು, ಹತ್ತನೆಯ ಬಾಗಿಲಿಗೆ ಹೋದಳು.